ನೊರೆ ಬಾರದ ಕ್ರೀಮು

ಏಪ್ರಿಲ್ ೬, ಭಾನುವಾರ, ಬೆಳಿಗ್ಗೆ

ಯಾವ ಪುಸ್ತಕ ಶುರು ಮಾಡಿದರೂ ಮೊದಲ ಪುಟ ಖಾಲಿ ಬಿಡುವುದು ನನ್ನ ರೂಢಿ. ಒಟ್ಟು ಮೊತ್ತ ಕೊನೆಗೆ ಗೊತ್ತಾದರೂ ಮೊದಲು ಕಾಣಬೇಕು. ಇವತ್ತು ಕೂತು ಕೂಡಿಸಿದೆ.

ಗಡ್ಡದ ಕ್ರೀಮು ಏಳು ಬಗೆ, ನಾನೂರ ಮೂವತ್ತು. ಬಟ್ಟಲಿನ ಸೋಪು ಮೂರು, ನೂರಾ ಐದು. ಕಡ್ಡಿ ಸೋಪು ಒಂದು, ಇಪ್ಪತ್ತೆರಡು. ಅದನ್ನು ಇವಳು, ನನ್ನ ಹೆಂಡತಿ, ಅಂಗಿಯ ಕಾಲರ್ ಉಜ್ಜಲು ಒಯ್ದಳು, ಆದ್ದರಿಂದ ಅರ್ಧ ಮನೆಖರ್ಚಿಗೆ. ಬ್ರಷ್ಷು ಎರಡು, ತೊಂಬತ್ತು. ಒಂದರ ಕೂದಲು ಎರಡನೇ ದಿನವೇ ಉದುರಿ ನನ್ನ ಕೆನ್ನೆಗೆ ಅಂಟಿ, ನನ್ನದೇ ಬೆಳೆಯಂತೆ ಕಂಡಿತು. ಪಟಿಕ, ಹತ್ತು. ಬಾಗಿಲು ಹಾಕಿದ ಅಂಗಡಿಯಿಂದ ಎತ್ತಿದ ನಾಲ್ಕು ಪೆಟ್ಟಿಗೆ ಟ್ಯೂಬು, ಸಾಗಾಟ ಸೇರಿ ಎಂಟುನೂರು. ಅದರಲ್ಲಿ ಮೂರು ಪೆಟ್ಟಿಗೆ ಮಾರಿ ಬಂದದ್ದು ಐನೂರ ಎಪ್ಪತ್ತಾರು. ಕಳೆದು ಉಳಿದ ಖರ್ಚು ಎಂಟುನೂರ ಎಪ್ಪತ್ತು.

ಮರ್ಯಾದೆ ಎಷ್ಟು ಹೋಯಿತು ಎಂಬುದಕ್ಕೆ ರಸೀದಿ ಇಲ್ಲ. ಹಾಗಾಗಿ ಹಿಡಿದಿಲ್ಲ.

ಮಾರ್ಚ್ ೨, ಭಾನುವಾರ

ಬಾಮೈದ ಬಂದಿಳಿದ. ಇವಳಿಗೆ ಒಬ್ಬನೇ ತಮ್ಮ, ದೊಡ್ಡ ವಸತಿ ಹೋಟೆಲೊಂದರ ಕೌಂಟರಿಗೆ ಮೇಲ್ವಿಚಾರಕ. ಮದುವೆ ಗಿದುವೆ ಇಲ್ಲ. ಅವನಿರುವ ಕಟ್ಟಡದ ಪೈಪುಗಳನ್ನೆಲ್ಲ ಬದಲಾಯಿಸುತ್ತಿದ್ದಾರಂತೆ, ಒಂದು ತಿಂಗಳು ನಮ್ಮಲ್ಲಿ ಠಿಕಾಣಿ. ನಾನು ಮನಸ್ಸಿನಲ್ಲೇ ಅವನಿಗಿಟ್ಟ ಹೆಸರು ದೊರೆ.

ಈ ದಿನಚರಿ ಪುಸ್ತಕ ಅವನೇ ತಂದದ್ದು, ಹೋಟೆಲಿನವರು ಗಿರಾಕಿಗಳಿಗೆ ಹಂಚುವಂಥದ್ದು. ಪುಕ್ಕಟೆ ಬಂದ ಕಾಗದ ಖಾಲಿ ಬಿಟ್ಟರೆ ನಷ್ಟ, ಅದಕ್ಕೇ ಬರೆಯುತ್ತಿದ್ದೇನೆ.

ಸಂಜೆಯೊಳಗೆ ಬಚ್ಚಲಮನೆಯ ಹಲಗೆ ಪೂರ್ತಿ ಅವನ ವಶವಾಯಿತು. ಚರ್ಮದ ಚೀಲ, ಅದರೊಳಗೆ ಮರದ ಹಿಡಿಯ ಬ್ರಷ್ಷು, ಬ್ರಷ್ಷು ನೇತುಹಾಕಲು ಒಂದು ಕಂಬ, ಕ್ರೀಮಿನ ಡಬ್ಬಿ, ಮೊದಲು ಹಚ್ಚುವ ಎಣ್ಣೆ, ಆಮೇಲೆ ಹಚ್ಚುವ ನೀರು. ಒಂದು ಮುಖಕ್ಕೆ ಇಷ್ಟೊಂದು ಆಳುಕಾಳು! ನನ್ನ ಮೈ ಸೋಪಿನ ಚೂರು ಮೂಲೆಗೆ ಸರಿದು ಕೂತಿತ್ತು, ಬಡ ನೆಂಟನ ಹಾಗೆ.

"ಭಾವ, ನೀವು ಮೈ ಸೋಪಲ್ಲೇ ಗಡ್ಡ ಮಾಡ್ಕೋತೀರಾ?" ಎಂದ, ಕನಿಕರದಿಂದ.

"ಮುಖ ಮೈಮೇಲೇ ಇರೋದಪ್ಪ. ಬೇರೆ ಬಾಡಿಗೆ ಮನೇಲಿಲ್ಲ" ಅಂದೆ.

ಇವಳು ನಕ್ಕಳು. ಮಗ ನಗಲಿಲ್ಲ, ಆ ಬ್ರಷ್ಷನ್ನೇ ನೋಡುತ್ತಿದ್ದ.

ಮಾರ್ಚ್ ೪, ಮಂಗಳವಾರ

ಮಗನಿಗೆ ಹತ್ತೊಂಬತ್ತು. ಕೆನ್ನೆ ಕತ್ತಿಗೆ ಬ್ಲೇಡು ತಾಗಿದರೆ ಸಾಕು, ಸಂಜೆಯೊಳಗೆ ಕೆಂಪು ಗುಳ್ಳೆ ಏಳುತ್ತವೆ. ಅದಕ್ಕೇ ಅಲ್ಲೊಂದು ಇಲ್ಲೊಂದು ಕೂದಲು ಬಿಟ್ಟುಕೊಂಡು ಓಡಾಡುತ್ತಾನೆ, ಇಲಿ ಕಡಿದ ಚಾಪೆಯಂತೆ. ನಾನದನ್ನು ಸೋಮಾರಿತನದ ಖಾತೆಗೆ ಹಾಕಿದ್ದೆ.

ಇವತ್ತು ತಿಳಿಯಿತು. ದೊರೆಯ ಹೋಟೆಲಿನ ಕೌಂಟರಿಗೆ ಒಬ್ಬ ಹುಡುಗ ಬೇಕಾಗಿದ್ದಾನೆ, ಇಪ್ಪತ್ತನಾಲ್ಕನೇ ತಾರೀಖು ಸಂದರ್ಶನ. ಅಲ್ಲಿನ ಮ್ಯಾನೇಜರದು ಒಂದೇ ಹಟ: ಕೌಂಟರಿನಲ್ಲಿ ನಿಲ್ಲುವವರ ಮುಖ ದಿನವೂ ನುಣ್ಣಗಿರಬೇಕು, ಗಡ್ಡವೂ ಕೂಡದು, ಗುಳ್ಳೆಯೂ ಕೂಡದು. ಹುಡುಗನಿಗೆ ಆ ಕೆಲಸ ಬೇಕೇ ಬೇಕಂತೆ. ಈ ವಿಷಯ ಅವನ ಮಾಮನಿಗೆ ಗೊತ್ತು, ಅಮ್ಮನಿಗೆ ಗೊತ್ತು, ಎದುರುಮನೆಯ ದರ್ಜಿಗೂ ಗೊತ್ತು. ಅಪ್ಪನ ಸರದಿ ಇವತ್ತು ಬಂತು.

ಬೆಳಿಗ್ಗೆ ಬಚ್ಚಲಮನೆಯ ಮುಂದೆ ಹಾದುಹೋಗುವಾಗ ಕಂಡೆ. ಮಗ ಸ್ಟೂಲಿನ ಮೇಲೆ ಕೂತಿದ್ದ. ದೊರೆ ಎರಡು ಬೆರಳಿನಲ್ಲಿ ಅವನ ಗದ್ದ ಎತ್ತಿ ಹಿಡಿದು, ದುಂಡಗೆ ದುಂಡಗೆ ನೊರೆ ಏಳಿಸುತ್ತಿದ್ದ. "ಕತ್ತು ಮೇಲೆ. ಹಾಂ. ಉಗುಳು ನುಂಗಬೇಡ." ನನ್ನ ಮಗ ಹೇಳಿದ ಹಾಗೆ ಕೇಳಿಕೊಂಡು ಕೂತಿದ್ದ. ನಾನು ಹೇಳಿದರೆ ಚಪ್ಪಲಿ ಕೂಡ ಸರಿಯಾಗಿ ಬಿಡುವುದಿಲ್ಲ.

"ಹೊಟ್ಟೆ ಉರೀತಿದ್ಯೇನ್ರೀ?" ಇವಳು ಕೇಳಿದಳು.

"ಚಹಾ ಬಿಸಿ ಇತ್ತು" ಅಂದೆ.

ಮಾರ್ಚ್ ೬, ಗುರುವಾರ

ಔಷಧಿ ಅಂಗಡಿಯಲ್ಲಿ ದೊರೆಯ ಕ್ರೀಮಿನ ಬೆಲೆ ವಿಚಾರಿಸಿದೆ. ಅಂಗೈಯಷ್ಟು ಡಬ್ಬಿಗೆ ಒಂಬೈನೂರು! ನಾನು ಬಾಗಿಲು ಹಾಕುವ ಅಂಗಡಿಗಳ ಮಾಲನ್ನು ಒಟ್ಟಿಗೆ ಎತ್ತಿ ಬಿಡಿಯಾಗಿ ಮಾರುವವನು. ಏಳನೇ ತರಗತಿಯ ಮೇಲೆ ಬಾಯಿ ಬಂಡವಾಳ ಹಾಕಿ ಗೋದಾಮು ಕಟ್ಟಿದವನು. ಒಂಬೈನೂರಕ್ಕೆ ನಾನೊಂದು ಕನ್ನಡಿಯ ಬೀರು ಕೊಂಡಿದ್ದೇನೆ, ಬೀಗದ ಕೈ ಸಮೇತ.

ಮೇಲಾಗಿ ಆ ಒಂಬೈನೂರಕ್ಕೂ ಹುಡುಗನಿಗೆ ಗುಳ್ಳೆ ಎದ್ದಿವೆ. ಕೆನ್ನೆಯಲ್ಲಿ ಕಡಿಮೆ, ಕತ್ತಿನಲ್ಲಿ ಮೊದಲಿನಷ್ಟೇ. ಯಾರೂ ಬಾಯಿ ಬಿಡುವುದಿಲ್ಲ. ನನ್ನ ಸೋಪಿಗೆ ಎದ್ದಿದ್ದರೆ ಮನೆಯಲ್ಲಿ ವಿಚಾರಣೆ ನಡೆಯುತ್ತಿತ್ತು.

ಊಟಕ್ಕೆ ಕೂತಾಗ ಘೋಷಿಸಿದೆ: "ಇದರಪ್ಪನಂಥ ಕ್ರೀಮನ್ನ ಇದರ ಕಾಲು ಭಾಗ ದುಡ್ಡಲ್ಲಿ ನಾನು ತಂದುಕೊಡ್ತೀನಿ."

"ಭಾವ, ಚರ್ಮದ ವಿಷ್ಯದಲ್ಲಿ ಚೌಕಾಸಿ ಬೇಡ."

"ಚೌಕಾಸಿ ಮಾಡಿದ್ದಕ್ಕೇ ಈ ಮನೇಲಿ ಕೂತು ಊಟ ಮಾಡ್ತಿರೋದು, ನೀನೂ ಸೇರಿ."

ಇವಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಮಗ ಬೇಗ ಎದ್ದುಹೋದ.

ಮಾರ್ಚ್ ೮, ಶನಿವಾರ

ಮಾಲು ಪರೀಕ್ಷೆ ಶುರು. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು. ಯಾವುದು ಎಷ್ಟು ನೊರೆ ಕೊಡುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಅದರ ಮೇಲೆ ಅಂಕ. ಒಳ್ಳೆಯ ಮಾಲು ಕಣ್ಣಿಗೆ ಕಾಣಬೇಕು. ನೊರೆಯೇ ಕ್ರೀಮಿನ ತೂಕ.

ನಿಂಬೆ ವಾಸನೆಯದು ಕಣ್ಣಲ್ಲಿ ನೀರು ತರಿಸಿತು. ಹಸಿರು ಟ್ಯೂಬು ಅಗ್ಗ, ಆದರೆ ನೊರೆ ಮಾತಿಗೆ ಮೊದಲೇ ಸತ್ತಿತು. ಬಟ್ಟಲಿನ ಸೋಪು ನಂಬಿಕೆಯ ಆಳು, ನಿಧಾನಕ್ಕೆ ಎದ್ದರೂ ಕೂರುವುದಿಲ್ಲ. ಕೆಂಪು ಪಟ್ಟಿಯ ಟ್ಯೂಬು ಮೂವತ್ತೈದಕ್ಕೆ ಬೆಟ್ಟದಷ್ಟು ಕೊಟ್ಟಿತು. ಮೊದಲ ಸ್ಥಾನ ಅದಕ್ಕೇ.

ಗೋದಾಮಿಗೆ ಹೋಗುವ ಹೊತ್ತಾಗಿ ಬಲಗೆನ್ನೆ ಅರ್ಧಕ್ಕೇ ನಿಂತಿತ್ತು. ಹಿರಿಯ ಹಮಾಲಿ ಮೂಟೆ ಇಳಿಸದೆ ನಿಂತು ನೋಡಿದ.

"ಯಜಮಾನ್ರೇ, ಈ ಕಡೆ ಕೆನ್ನೆಗೆ ಇವತ್ತು ರಜೆನಾ?"

"ಆ ಕಡೆಯದು ಮಾದರಿ. ಇಷ್ಟ ಆದ್ರೆ ಈ ಕಡೆಯದನ್ನೂ ಮಾಡ್ಸೋದು."

ಅವರೆಲ್ಲ ನಕ್ಕರು. ನಗಲಿ. ದೊರೆಯ ಡಬ್ಬಿ ಮೂಲೆಗೆ ಸರಿಯುವ ದಿನ ನಾನು ನಗುತ್ತೇನೆ.

ಮಾರ್ಚ್ ೧೧, ಮಂಗಳವಾರ

ಕೆಂಪು ಪಟ್ಟಿಯದನ್ನು ಮಗನ ಕೈಗೆ ಕೊಟ್ಟೆ. "ಮಾಮಂದೇ ಸಾಕಪ್ಪ" ಅಂದ. "ಒಂದ್ಸಲ ನೋಡೋ" ಅಂದೆ. ನೋಡಿದ. ನೊರೆ ಬೆಟ್ಟದ ಹಾಗೆ ಎದ್ದಿತು. ನಾನು ದೊರೆಯ ಮುಖ ನೋಡಿದೆ, ಮಗನ ಮುಖ ನೋಡಲಿಲ್ಲ.

ಮಧ್ಯಾಹ್ನಕ್ಕೆ ಹುಡುಗನ ಕತ್ತು ಜಜ್ಜಿದ ಟೊಮೆಟೊ ಆಗಿತ್ತು. ದೊರೆ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಒತ್ತುತ್ತ ಕೂತ. ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ಉರಿಯಿತು. ಅಂದವಳು ಇವಳು.

"ಅವನ ಮುಖ ನಿಮ್ಮ ಗೋದಾಮಲ್ಲ. ಬಂದ ಮಾಲೆಲ್ಲ ತಂದು ಅಲ್ಲಿಳಿಸಬೇಡಿ."

ಮಾರ್ಚ್ ೧೨, ಬುಧವಾರ

ಮಗ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಖರ್ಚು ಸೊನ್ನೆ.

ಮಾರ್ಚ್ ೧೪, ಶುಕ್ರವಾರ

ಅಲಂಕಾರ ಸಾಮಾನಿನ ಅಂಗಡಿಯೊಂದು ಬಾಗಿಲು ಹಾಕುತ್ತಿತ್ತು. ನಾಲ್ಕು ಪೆಟ್ಟಿಗೆ ಗಡ್ಡದ ಕ್ರೀಮಿನ ಟ್ಯೂಬು, ಬಿಳಿ ಬಣ್ಣ, ಬಾಳಿಕೆ ಇನ್ನೂ ಒಂದೂವರೆ ವರ್ಷ. ಒಂದು ಟ್ಯೂಬಿಗೆ ನಾಲ್ಕು ರೂಪಾಯಿ ಬೀಳುವಂತೆ ಎತ್ತಿದೆ. ಅಂಗಡಿಯವ ಕೇಳಿದ್ದಕ್ಕೆಲ್ಲ ಹೂಂ ಅಂದ. ಆಗಲೇ ಅನುಮಾನ ಬರಬೇಕಿತ್ತು.

ಮನೆಗೆ ಬಂದು ಬ್ರಷ್ಷು ನೆನೆಸಿ ತಿರುವಿದೆ. ನೊರೆ ಇಲ್ಲ. ಬಿಸಿನೀರು ಹಾಕಿ ತಿರುವಿದೆ. ಇಲ್ಲ. ತೋಳು ಸೋಲುವವರೆಗೆ ತಿರುವಿದರೂ ಬೆಣ್ಣೆಯ ಹಾಗೆ ಮೆತ್ತಿಕೊಂಡಿತೇ ಹೊರತು ಒಂದು ಗುಳ್ಳೆ ಏಳಲಿಲ್ಲ. ಬೇಕಾದ ಕಡೆ ಗುಳ್ಳೆ ಇಲ್ಲ, ಬೇಡದ ಕಡೆ ಗುಳ್ಳೆ.

ಓಡಿಹೋಗಿ ಅಂಗಡಿಯವನನ್ನು ಹಿಡಿದೆ. "ಸತ್ತ ಮಾಲು ಕೊಟ್ಟಿದ್ದೀಯಲ್ಲಯ್ಯ!"

"ನೀವೇ ನೋಡಿ ಎತ್ತಿದ್ದು. ಬಾಗಿಲು ಹಾಕೋ ಅಂಗಡೀಲಿ ವಾಪಸ್ ತಗೊಳ್ಳೋದುಂಟಾ?" ಅಂದ. ನಾನು ಗಿರಾಕಿಗಳಿಗೆ ಹೇಳುವ ಮಾತೇ, ಅಕ್ಷರ ಬಿಡದೆ.

ದೊರೆಗೆ ತಿಳಿಯಬಾರದೆಂದು ಪೆಟ್ಟಿಗೆಗಳನ್ನು ಗೋದಾಮಿಗೆ ಹೊರಿಸಿದೆ. ಬೆಣ್ಣೆಯಂತಿದೆಯಲ್ಲ, ಹಿಮ್ಮಡಿ ಒಡಕಿನ ಕ್ರೀಮೆಂದು ಹಮಾಲಿಗಳಿಗೆ, ಫುಟ್‌ಪಾತಿನವರಿಗೆ ನಾಲ್ಕರಂತೆ ದಾಟಿಸಿದೆ. ಇವಳಿಗೂ ಒಂದು ಕೊಟ್ಟೆ. ಅಸಲಿಗಾದರೂ ಮೋಸವಿಲ್ಲ.

ಮಾರ್ಚ್ ೧೭, ಸೋಮವಾರ

ಹಿರಿಯ ಹಮಾಲಿ ಚಪ್ಪಲಿ ಬಿಟ್ಟು ಕಾಲೆತ್ತಿ ತೋರಿಸಿದ. "ಯಜಮಾನ್ರೇ, ಕೈ ಇಟ್ಟು ನೋಡಿ. ಮಗೂ ಕಾಲು. ಇನ್ನೆರಡು ಟ್ಯೂಬ್ ಕೊಡಿ, ಮನೆಯೋಳು ಕಿತ್ಕೊಂಡ್ಳು."

ಇಟ್ಟು ನೋಡಿದೆ. ಇಪ್ಪತ್ತು ವರ್ಷ ಬರಿಗಾಲಲ್ಲಿ ಮೂಟೆ ಹೊತ್ತ ಹಿಮ್ಮಡಿ, ಗಾರೆಯಂತಿದ್ದದ್ದು ಮೆತ್ತಗಾಗಿದೆ. ಅಲ್ಲೇ ನಿಂತೆ. ಗಾರೆಯನ್ನು ಮೆತ್ತಗೆ ಮಾಡುವುದು ಗಡ್ಡವನ್ನು ಯಾಕೆ ಮಾಡಬಾರದು?

ಗೋದಾಮಿನ ನಲ್ಲಿಯ ಹತ್ತಿರ, ಮಾರಾಟಕ್ಕಿಟ್ಟ ಕನ್ನಡಿಯೊಂದರ ಮುಂದೆ, ಬ್ರಷ್ಷಿಲ್ಲದೆ ಬರಿಗೈಯಲ್ಲಿ ಕ್ರೀಮು ಸವರಿಕೊಂಡು ಬ್ಲೇಡು ಎಳೆದೆ. ಸದ್ದೇ ಇಲ್ಲ. ಉರಿ ಇಲ್ಲ. ಎರಡನೇ ಸಲ ಎಳೆಯಲು ಅಲ್ಲಿ ಕೂದಲೇ ಉಳಿದಿರಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಕೆನ್ನೆ ನನಗೆ ಹೀಗೆ ಸಿಕ್ಕಿರಲಿಲ್ಲ.

ಒಂದು ಪೆಟ್ಟಿಗೆ ಉಳಿದಿದೆ. ಮೇಜಿನ ಕೆಳಗೆ ತಳ್ಳಿ ಮೇಲೆ ಗೋಣಿ ಹೊದಿಸಿದೆ.

ಮಾರ್ಚ್ ೧೯, ಬುಧವಾರ

ಮಗನಿಗೆ ಇನ್ನೂ ಕೊಟ್ಟಿಲ್ಲ. ಸಮಯ ನೋಡುತ್ತಿದ್ದೇನೆ. ದೊರೆ ಇರುವಾಗ ಕೊಟ್ಟರೆ, ಮಾಮ ಒಪ್ಪಿದ ಮೇಲೇ ಹುಡುಗ ಮುಟ್ಟುವುದು. ಅಲ್ಲದೆ ಯಾರಿಗಾಗಿ ಈ ಉಪಕಾರ? ಕೆಲಸ ಸಿಕ್ಕರೆ ದಿನವಿಡೀ ಮಾಮನ ಕಣ್ಣಳತೆಯಲ್ಲಿ ನಿಂತು, ಮಾಮ ಹೇಳಿದ ಹಾಗೆ ನಗುವುದು. ಮನೆಗೆ ಬಂದು ಮಾಮನ ಪುರಾಣ. ಸಿಗದಿದ್ದರೆ ಗೋದಾಮಿದೆ, ನನ್ನ ಪಕ್ಕ ಕುರ್ಚಿ ಇದೆ. ಲೆಕ್ಕ ನೇರವಾಗಿದೆ.

ಇವತ್ತು ದೊರೆ ಅವನನ್ನು ಹೋಟೆಲಿನ ಕ್ಷೌರಿಕನ ಹತ್ತಿರ ಕರೆದೊಯ್ದಿದ್ದ. ಆತ ಕತ್ತು ನೋಡಿ, "ಇಂಥ ಚರ್ಮಕ್ಕೆ ಗಡ್ಡ ಬಿಡೋದೇ ಒಳ್ಳೇದು, ಕೌಂಟರ್ ಕೆಲಸ ಇವನಿಗಲ್ಲ" ಅಂದನಂತೆ. ಗುಳ್ಳೆ ಆರಿವೆ, ಚಾಪೆ ಮತ್ತೆ ಬೆಳೆದಿದೆ.

ಊಟದಲ್ಲಿ ಹುಡುಗ ತಟ್ಟೆ ನೋಡುತ್ತ ಹೇಳಿದ: "ನಾನು ಸಂದರ್ಶನಕ್ಕೆ ಹೋಗಲ್ಲ."

"ಬೇಡ ಬಿಡು, ಗೋದಾಮಿಗೆ ಬಾ" ಎನ್ನಲು ಬಾಯಿ ತೆರೆದೆ. ಯಾಕೋ ಅದಕ್ಕೆ ಅನ್ನವನ್ನೇ ತುಂಬಿಕೊಂಡೆ. ಕೈಗೆ ಬಂದ ಲಾಭ ಬಿಟ್ಟದ್ದು ನನ್ನ ಜೀವನದಲ್ಲಿ ಇದೇ ಮೊದಲು.

ಮಾರ್ಚ್ ೨೦, ಗುರುವಾರ

ಗೋಣಿ ಸರಿಸಿ ಟ್ಯೂಬು ಎಣಿಸಿದೆ, ಎರಡು ಸಲ. ದಾಸ್ತಾನು ಸರಿ ಇರಬೇಕಲ್ಲ.

ಮಾರ್ಚ್ ೨೧, ಶುಕ್ರವಾರ

ದೊರೆಗೆ ಬೆಳಗಿನ ಪಾಳಿ, ಬೇಗ ಹೊರಟ. ನಾನು ಗೋದಾಮಿಗೆ ಹೋಗಿ ಟ್ಯೂಬು ತಂದು ಮಗನನ್ನು ಎಬ್ಬಿಸಿದೆ.

"ಏಳೋ. ಕೂತ್ಕೋ ಇಲ್ಲಿ."

"ಬೇಡಪ್ಪ. ಮತ್ತೆ ಪ್ರಯೋಗ ಬೇಡ."

"ನನ್ನ ಕೆನ್ನೆ ಮುಟ್ಟಿ ನೋಡು. ಆಮೇಲೆ ಬೇಡ ಅನ್ನು."

ಹಿಂಜರಿದ. ಆಮೇಲೆ ಬೆರಳ ಹಿಂಬದಿಯಿಂದ ಮುಟ್ಟಿದ. ಬಿಸಿ ಇದೆಯೇ ಎಂದು ಪಾತ್ರೆ ಮುಟ್ಟುವ ಹಾಗೆ. ಸ್ಟೂಲು ಎಳೆದುಕೊಂಡು ಕೂತ.

ಕೈಯಲ್ಲೇ ಕ್ರೀಮು ಸವರಿದೆ. "ನೊರೆನೇ ಬರ್ತಿಲ್ವಲ್ಲ?" ಅಂದ. "ನೊರೆ ನೋಡೋರಿಗೆ, ಇದು ಕೆನ್ನೆಗೆ" ಅಂದೆ. ಮಾತು ಚೆನ್ನಾಗಿ ಬಂತು, ಹೆಚ್ಚು ಟ್ಯೂಬು ಇದ್ದಿದ್ದರೆ ಇದನ್ನೇ ಹೇಳಿ ಮಾರಬಹುದಿತ್ತು.

ಗದ್ದ ಹಿಡಿದೆ. ಬಲ ಹುಬ್ಬಿನೊಳಗೆ ಒಂದು ಸಣ್ಣ ಮಚ್ಚೆ ಇದೆ, ಯಾವಾಗ ಬಂತೋ. ಮೂಗಿನ ತುದಿ ಇವಳದ್ದೇ. ಉಸಿರು ಬಿಗಿಹಿಡಿದಿದ್ದ, ಹೆದರಿದ್ದ. ನಾನು ಬ್ಲೇಡನ್ನು ಎರಡು ಸಲ ತೊಳೆದೆ, ಹೊಸದು ನೋಡಿ.

ಕೆನ್ನೆ ಸಲೀಸಾಯಿತು. ಕತ್ತಿಗೆ ಬಂದಾಗ ಕೈ ನಿಂತಿತು. ಕಿಟಕಿಯ ಬೆಳಕಿಗೆ ಅವನ ಮುಖ ತಿರುಗಿಸಿ ನೋಡಿದೆ. ಕೂದಲು ಕೆಳಗೂ ಇಳಿದಿಲ್ಲ, ಮೇಲೂ ಏರಿಲ್ಲ. ಕಿವಿಯ ಬುಡದಿಂದ ಗಂಟಲಿನ ಕಡೆಗೆ ಅಡ್ಡ ಮಲಗಿದೆ, ಗಾಳಿಗೆ ಒರಗಿದ ಹುಲ್ಲಿನಂತೆ. ನನ್ನ ಕತ್ತು ಮುಟ್ಟಿಕೊಂಡೆ. ಅದೇ ಒರಗು. ಮೂವತ್ತು ವರ್ಷದಿಂದ ಕೈ ತಾನಾಗಿ ಅಡ್ಡ ಎಳೆಯುತ್ತ ಬಂದಿದೆ, ತಲೆಗೆ ತಿಳಿಸಿರಲಿಲ್ಲ.

"ಕತ್ತಲ್ಲಿ ಬ್ಲೇಡು ಹೇಗೆ ಎಳೀತೀಯ?"

"ಕೆಳಗಿಂದ ಮೇಲಕ್ಕೆ. ಮಾಮ ಹೇಳ್ಕೊಟ್ಟಿದ್ದು."

"ಮಾಮನ ಕತ್ತು ಬೇರೆ ಮನೆತನದ್ದು ಕಣೋ. ಇದು ನನ್ನ ಕಡೆಯದು. ಅಡ್ಡ ಬಾ."

ಅವನು ನಕ್ಕುಬಿಟ್ಟ. "ನಗಬೇಡ, ಕುಯ್ದುಹೋಗುತ್ತೆ" ಎಂದು ಗದರಿದೆ. ಇನ್ನೂ ನಕ್ಕ. ಬ್ಲೇಡು ಎತ್ತಿ ಹಿಡಿದು ಅವನ ನಗು ಮುಗಿಯುವವರೆಗೆ ಕಾದೆ. ಗೋದಾಮಿನ ಬಾಗಿಲು ಇವತ್ತು ತಡವಾಗಿ ತೆರೆಯಿತು.

ಮಾರ್ಚ್ ೨೨, ಶನಿವಾರ

ಗುಳ್ಳೆ ಇಲ್ಲ. ಬಲಗಡೆ ಒಂದು, ಅದು ಸೊಳ್ಳೆ ಕಚ್ಚಿದ್ದು ಎಂದು ನನ್ನ ತೀರ್ಮಾನ.

ದೊರೆ ಬಂದವನು ನಿಂತಲ್ಲೇ ನಿಂತ. "ಯಾವ ಕ್ರೀಮೋ ಇದು?"

"ಹಿಮ್ಮಡಿ ಕ್ರೀಮು ಮಾಮ" ಅಂದ ಮಗ, ಗಂಭೀರವಾಗಿ. ಇವಳು ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ದೊರೆ ಟ್ಯೂಬನ್ನು ಬೆಳಕಿಗೆ ಹಿಡಿದು ಸಣ್ಣಕ್ಷರ ಓದಿದ. ಬ್ರಷ್ಷು ಬೇಡ, ನೊರೆ ಬರುವುದಿಲ್ಲ, ಕೈಯಲ್ಲೇ ಸವರಿ ಎಂದು ಬರೆದಿದೆಯಂತೆ. "ಭಾವ, ಇದು ಸೂಕ್ಷ್ಮ ಚರ್ಮಕ್ಕೇ ಅಂತ ಮಾಡಿದ್ದು. ಅಂಗಡೀಲಿ ಇದರ ಬೆಲೆ ಅರವತ್ತು. ಎಷ್ಟಕ್ಕೆ ಸಿಕ್ತು?"

"ಕೇಳಬೇಡ" ಅಂದೆ. ಮೂರು ಪೆಟ್ಟಿಗೆ ಅರವತ್ತರ ಮಾಲನ್ನು ನಾಲ್ಕರಂತೆ ಊರವರ ಕಾಲಿಗೆ ಸುರಿದು ಬಂದಿದ್ದೇನೆಂದು ಯಾವ ಬಾಯಲ್ಲಿ ಹೇಳಲಿ?

ಮಾರ್ಚ್ ೨೪, ಸೋಮವಾರ

ಬೆಳಿಗ್ಗೆ ಅವನೇ ಬಂದು ಸ್ಟೂಲಿನ ಮೇಲೆ ಕೂತ. "ಕತ್ತು ನೀನೇ ಮಾಡಪ್ಪ, ಇವತ್ತು ರಿಸ್ಕ್ ಬೇಡ."

ಮಾಡಿದೆ.

ಸಂಜೆ ಬಂದ. ಕೆಲಸ ಸಿಕ್ಕಿದೆ, ಒಂದನೇ ತಾರೀಖಿನಿಂದ ಶುರು. ಮೊದಲು ಮಾಮನನ್ನು ತಬ್ಬಿಕೊಂಡ. ನ್ಯಾಯವೇ, ಮಾತಾಡಿ ಕೊಡಿಸಿದ್ದು ಅವನು. ನೋಡುತ್ತ ನಿಲ್ಲಲು ಕಷ್ಟವಾಯಿತು, ಅದೂ ನಿಜ. ಎದ್ದು ಚಹಾ ಮಾಡಲು ಹೋದೆ. ಮೂವರಿಗೂ ಮಾಡಿದೆ.

ಮಾರ್ಚ್ ೩೦, ಭಾನುವಾರ

ಬಾಮೈದನ ಪೈಪು ಸರಿಯಾಯಿತು, ಹೊರಟ. ಚರ್ಮದ ಚೀಲಕ್ಕೆ ಆರು ಟ್ಯೂಬು ತುರುಕಿದೆ. ಎಷ್ಟು ಕೊಡಲಿ ಅಂದ. ಹಿಮ್ಮಡಿಗೆ ಬೆಲೆ ಕಟ್ಟಬಹುದು, ನೆಂಟರ ಮುಖಕ್ಕೆ ಹೇಗೆ ಕಟ್ಟುವುದು, ಹೋಗಯ್ಯ ಅಂದೆ.

ಏಪ್ರಿಲ್ ೬, ಭಾನುವಾರ, ಸಂಜೆ

ಮಗ ಸೇರಿ ವಾರವಾಗುತ್ತ ಬಂತು. ಬಾಮೈದ ಸುಮ್ಮನೆ ನೋಡಿಹೋಗಲು ಬಂದ. ಹುಡುಗ ಸ್ನಾನಕ್ಕೆ ಹೋಗಿದ್ದಾಗ ಕುರ್ಚಿಯ ತುದಿಯಲ್ಲಿ ಕೂತು ಹೇಳಿದ:

"ನಿಮ್ಮ ಮಗ ಕೌಂಟರಿನ ಹುಡುಗ್ರಿಗೆಲ್ಲ ಗಡ್ಡದ ಪಾಠ ಮಾಡ್ತಿದ್ದಾನೆ ಭಾವ. ಬಾಯಿ ತೆಗೆದ್ರೆ 'ನಮ್ಮಪ್ಪ ಹೀಗೇ ಮಾಡೋದು, ನಮ್ಮಪ್ಪ ಹಾಗೆ ಹೇಳ್ತಾರೆ.' ಮ್ಯಾನೇಜರ್ ಮುಂದೇನೂ ಅದೇ. ಕೆಲಸ ಕೊಡಿಸಿದ್ದು ನಾನು, ಬ್ರಷ್ಷು ಹಿಡಿಯೋದು ಕಲಿಸಿದ್ದು ನಾನು. ನನ್ನ ಹೆಸರು ಒಂದ್ಸಲಾನಾದ್ರೂ ಬರಬೇಡ್ವಾ?"

ನಗುತ್ತಲೇ ಹೇಳಿದ. ಆ ನಗು ನನಗೆ ಗೊತ್ತು. ತಿಂಗಳಿಡೀ ಅದನ್ನೇ ಹಾಕಿಕೊಂಡು ಓಡಾಡಿದ್ದೇನೆ. ಅವನ ಮನೆಯಲ್ಲಿ ಸ್ಟೂಲಿನ ಮೇಲೆ ಕೂರಲು ಯಾರೂ ಇಲ್ಲ ಎಂಬುದು ಆಗ ಹೊಳೆಯಿತು.

ಮಗ ಬಂದೊಡನೆ ಹೇಳಿದೆ: "ಲೋ, ಗೂಟದಲ್ಲಿ ನೇತಾಡೋ ನಿನ್ನ ಟೈ ಗಂಟು ನೋಡು, ಹಗ್ಗದ ಹಾಗಿದೆ. ನನಗೆ ಮೂಟೆ ಗಂಟು ಬಿಟ್ರೆ ಬೇರೆ ಬರಲ್ಲ. ಮಾಮನ ಹತ್ರ ಕಲಿ. ಊಟ ಆದ್ಮೇಲೆ ಹೋಗ್ಲಿ ಮಾಮ."

ಟೈ ಕಲಿಸಲು ಹೊರಗಿನವರನ್ನು ಹಿಡಿದರೆ ದುಡ್ಡು ಕೇಳುತ್ತಾರೆ, ಅದಕ್ಕೇ ಹೇಳಿದ್ದು. ಈಗ ಇಬ್ಬರೂ ಕನ್ನಡಿಯ ಮುಂದೆ ನಿಂತಿದ್ದಾರೆ. ಬಾಮೈದ ಅವನ ಕೊರಳಪಟ್ಟಿ ಎತ್ತಿ, "ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ" ಎನ್ನುತ್ತಿದ್ದಾನೆ. ನೋಡಲು ಅಷ್ಟೇನೂ ಹಿತವಾಗಿಲ್ಲ. ನೋಡುತ್ತಿದ್ದೇನೆ.

ಖರ್ಚು ಬೆಳಿಗ್ಗೆಯೇ ಬರೆದಾಯಿತು. ಯಾರಿಗೆ ಏನು ದಕ್ಕಿತು ಎಂಬುದಷ್ಟೇ ಬಾಕಿ. ಮಗನಿಗೆ ಕೆಲಸ, ಕೆನ್ನೆ, ಬಹುದಿನಕ್ಕಾಗುವಷ್ಟು ಕ್ರೀಮು. ಇವಳಿಗೆ ಮೆತ್ತನೆ ಹಿಮ್ಮಡಿ, ನನ್ನನ್ನು ಆಡಿಕೊಳ್ಳಲು ಒಂದು ಕಥೆ. ಹಮಾಲಿಗಳಿಗೆ ಅರವತ್ತರ ಮಾಲು ನಾಲ್ಕಕ್ಕೆ. ನನ್ನ ಪಾಲಿಗೆ ಕೈಯಲ್ಲಿ ಗದ್ದ ಹಿಡಿದ ಎರಡು ಬೆಳಿಗ್ಗೆ. ಬಾಮೈದನಿಗೆ ಆರು ಟ್ಯೂಬು, ಇವತ್ತಿನ ಊಟ, ಮತ್ತೆ ನಾನು ಬಳಸಿ ಇಳಿಸಿದ ಹೊಟ್ಟೆಕಿಚ್ಚು; ಸೆಕೆಂಡ್ ಹ್ಯಾಂಡ್, ಆದರೆ ಇನ್ನೂ ಚೆನ್ನಾಗಿ ಉರಿಯುತ್ತದೆ.